ಗಡಿಗೆಯ ನೀರು



ಈಚೆಗೆ ನಾಲತವಾಡದ ಒಂದು ಮದುವೆಯ ಪಂಕ್ತಿಯಲ್ಲಿ ನನ್ನ ಹಳೆಯ ಶಿಷ್ಯರೊಬ್ಬರು (ಈಗ ಅವರೂ ಶಿಕ್ಷಕರು), "ಸರ್, ಈ ಕಾಯ್ದೆಗಳು ಬಂದು ಸಾಲಿ ಕೆಟ್ಟು ಹೋದವ್ರಿ. ನಿಮ್ಮ ಕಾಲದಾಗ ಭೇದ ಎಲ್ಲಿತ್ತು?" ಎಂದರು. ಸುತ್ತ ಕುಳಿತವರು ತಲೆದೂಗಿದರು. ಉಣ್ಣುವಾಗ ವಾದ ಬೇಡವೆಂದು ಸುಮ್ಮನಾದೆ. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಭೇದ ಇತ್ತು. ನಾನು ಸೇವೆಗೆ ಸೇರಿದ ಮೊದಲ ಶಾಲೆಯಲ್ಲಿ ಕೆಲವು ಮಕ್ಕಳು ಗಡಿಗೆಯನ್ನು ಮುಟ್ಟುವಂತಿರಲಿಲ್ಲ. ಬೇರೊಬ್ಬ ಹುಡುಗ ಮೇಲಿನಿಂದ ನೀರು ಸುರಿಯಬೇಕು, ಇವರು ಬೊಗಸೆಯೊಡ್ಡಿ ಕುಡಿಯಬೇಕು. ಆ ಪದ್ಧತಿಯನ್ನು ನಾನು ಹಾಕಲಿಲ್ಲ, ನಿಜ. ಆದರೆ ಎರಡು ವರ್ಷ ಕಣ್ಣಾರೆ ಕಂಡೂ ತುಟಿ ಬಿಚ್ಚಲಿಲ್ಲ. ಅದೇ ಕೋಣೆಯಲ್ಲಿ ಬಸವಣ್ಣನವರ ವಚನಗಳನ್ನು ಬಾಯಿಪಾಠ ಮಾಡಿಸುತ್ತಿದ್ದೆ. ಬಾಗೇವಾಡಿ ನಮ್ಮ ನೆರೆಯ ತಾಲೂಕೆಂಬ ಹೆಮ್ಮೆ ಬೇರೆ!

ಆಗ ಕಾಯ್ದೆ ಇರಲಿಲ್ಲವೇ? ಸಂವಿಧಾನದ 17ನೆಯ ವಿಧಿ 1950ರಿಂದಲೇ ಇತ್ತು. ಅಸ್ಪೃಶ್ಯತೆಯ ಹೆಸರಿನಲ್ಲಿ ಶಾಲಾ ಪ್ರವೇಶ ನಿರಾಕರಿಸುವುದನ್ನೂ, ಪ್ರವೇಶ ಕೊಟ್ಟ ಮೇಲೆ ಭೇದವೆಣಿಸುವುದನ್ನೂ 1955ರ ಕಾಯ್ದೆ ಅಪರಾಧವೆಂದು ಸಾರಿತ್ತು. 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರೂ ಬಂತು. ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೇಳದಿದ್ದುದೇ ನಮಗೆ ಅನುಕೂಲವಾಗಿತ್ತು.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದಾಗ, "ಛಡಿ ಹೋಯಿತು, ಶಿಸ್ತೂ ಹೋಯಿತು" ಎಂದು ಗೊಣಗಿದವರನ್ನು ಬಲ್ಲೆ. ಛಡಿ ಎಲ್ಲ ಬೆನ್ನುಗಳ ಮೇಲೂ ಒಂದೇ ಸಮನೆ ಬೀಳುತ್ತಿತ್ತೇ? ಗೌಡರ ಮಗನಿಗೆ ಎಷ್ಟು, ಕೂಲಿಯವನ ಮಗನಿಗೆ ಎಷ್ಟು ಎಂಬುದನ್ನು ಎದೆ ಮುಟ್ಟಿಕೊಂಡು ಹೇಳಲಿ.

ಕಾಲ ಬದಲಾಗಿದೆ ಎನ್ನುವಿರಾ? 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗಿಳಿಸಿ ಸ್ವಚ್ಛ ಮಾಡಿಸಿದ ಸುದ್ದಿಯನ್ನು ನೀವೂ ಓದಿದ್ದೀರಿ. ಪ್ರಾಂಶುಪಾಲರ ಬಂಧನವಾದದ್ದು ಈ "ಶಾಲೆ ಕೆಡಿಸಿದ" ಕಾಯ್ದೆಗಳಿಂದಲೇ.

ದೂರಲೇಬೇಕೆಂದಿದ್ದರೆ, ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗಿದ್ದ ಶೇಕಡಾ 25ರ ಬಾಗಿಲನ್ನು ನಮ್ಮ ರಾಜ್ಯ 2019ರಲ್ಲಿ ನಿಯಮ ತಿದ್ದಿ ಕಿರಿದು ಮಾಡಿತಲ್ಲ, ಅದನ್ನು ದೂರಿರಿ.

ಬೊಗಸೆಯೊಡ್ಡುತ್ತಿದ್ದವರಲ್ಲಿ ಒಬ್ಬ ನಾಲ್ಕನೆಯ ಇಯತ್ತೆಯ ನಡುವೆಯೇ ಶಾಲೆ ಬಿಟ್ಟ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ "ಆಸಕ್ತಿ ಇಲ್ಲ" ಎಂದು ಬರೆದವನು ನಾನೇ.