ಸೈಕಲ್ ಚೈನಿಗೂ ಹಾಜರಿ ಪುಸ್ತಕಕ್ಕೂ ಇರುವ ನಂಟು

ಗಡಿಯಾಚೆಯ ಕನ್ನಡ ಶಾಲೆಗಳ ಬಗ್ಗೆ ಬರೆಯಲು ಕುಳಿತರೆ ನಮಗೆ ಮೊದಲು ನೆನಪಾಗುವುದು ಖಾಲಿ ಹುದ್ದೆಗಳು, ತಡವಾಗಿ ಬರುವ ಪಠ್ಯಪುಸ್ತಕಗಳು. ಅವುಗಳ ಬಗ್ಗೆ ಸಾಕಷ್ಟು ಗೋಳು ಹೇಳಿಕೊಂಡಿದ್ದೇವೆ. ಇವತ್ತಿನ ವಿಷಯ ಸೈಕಲ್ ಚೈನು! ನಗಬೇಡಿ. ಪೂರ್ತಿ ಓದಿ, ಆಮೇಲೆ ಹೇಳಿ.

ನಮ್ಮ ತಾಳವಾಡಿ ಸೀಮೆಯಲ್ಲಿ ಮಕ್ಕಳು ನಾಲ್ಕೈದು ಕಿಲೋಮೀಟರ್ ದೂರದಿಂದ ಶಾಲೆಗೆ ಬರುವುದು ಹೊಸತೇನಲ್ಲ. ತಮಿಳುನಾಡು ಸರ್ಕಾರ ಹನ್ನೊಂದನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುತ್ತದೆ. ಗಡಿಯ ಆ ಬದಿ ಕರ್ನಾಟಕದಲ್ಲೂ 2006-07ರಿಂದ ಹಲವು ವರ್ಷ ಎಂಟನೆಯ ತರಗತಿಯವರಿಗೆ ಕೊಟ್ಟಿದ್ದರು. ಅಕ್ಕನಿಗೆ ಬಂದ ಸೈಕಲ್ ಅಕ್ಕನ ಓದು ಮುಗಿದ ಮೇಲೆ ತಂಗಿಯ ಪಾಲಿಗೆ ಬರುತ್ತದೆ. ಅಷ್ಟು ಹೊತ್ತಿಗೆ ಅದರ ಚೈನು ತುಕ್ಕು ಹಿಡಿದು ಕೆಂಪಾಗಿರುತ್ತದೆ.

ಹೋದ ವರ್ಷ ನಮ್ಮ ಎಂಟನೆಯ ತರಗತಿಯ ಒಬ್ಬ ಹುಡುಗಿ ವಾರಕ್ಕೆ ಎರಡು ದಿನ ತಪ್ಪಿಸತೊಡಗಿದಳು. ನಾವು ಕೆಂಪು ಶಾಯಿಯಲ್ಲಿ ಗೈರುಹಾಜರಿ ಹಾಕಿದೆವು. ಎಲ್ಲರೆದುರು ಬೈದೆವು. ಒಂದು ಬೆಳಿಗ್ಗೆ ಅವಳು ಸೈಕಲ್ ತಳ್ಳಿಕೊಂಡು ಊರ ಕಡೆಗೇ ವಾಪಸು ಹೋಗುತ್ತಿದ್ದುದು ದಾರಿಯಲ್ಲಿ ಕಣ್ಣಿಗೆ ಬಿತ್ತು. ಎರಡೂ ಕೈ ಕಪ್ಪು, ಸಮವಸ್ತ್ರದ ಮೇಲೂ ಕಪ್ಪು ಕಲೆ. ಕೇಳಿದರೆ, "ಚೈನು ಕಳಚ್ಕತ್ತದ ಸಾ. ಕೈಯೆಲ್ಲ ಮಸಿ ಆಗಿ ಬಂದ್ರ ಎಲ್ರೂ ನಗ್ತಾರ" ಅಂದಳು. ನಮ್ಮ ಬಾಯಿಂದ ಮಾತು ಹೊರಡಲಿಲ್ಲ. ಮೂರು ತಿಂಗಳಿಂದ ನಾವು ಸೋಮಾರಿತನ ಎಂದು ಬರೆದುಕೊಂಡಿದ್ದು ಸೋಮಾರಿತನವಾಗಿರಲಿಲ್ಲ!

ನಡೆದುಕೊಂಡು ಬರಬಾರದಿತ್ತೇ ಎಂದು ಪಟ್ಟಣದವರು ಕೇಳಬಹುದು. ನಮ್ಮ ಸುತ್ತ ಇರುವುದು ಸತ್ಯಮಂಗಲದ ಕಾಡು. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ ಕಾಡು ಅದು. ಆನೆ ಹೊಲಕ್ಕೆ ಇಳಿಯುವ ಊರುಗಳಲ್ಲಿ, ಸಂಜೆ ಸೈಕಲ್ ಕೈಕೊಟ್ಟು ಮಗಳು ಒಂದು ಗಂಟೆ ತಡವಾಗಿ ಬಂದರೆ ತಾಯಿಯ ಜೀವ ಕೈಯಲ್ಲಿರುತ್ತದೆ. ಎರಡು ಸಲ ಹಾಗಾದರೆ, ಮೂರನೆಯ ಸಲ "ಇನ್ನು ಸಾಕು, ಮನೆಯಲ್ಲೇ ಇರು" ಎನ್ನುತ್ತಾರೆ. ಹಾಗೆ ಒಂದು ಮಗು ಬಿಟ್ಟರೆ, ಮೊದಲೇ ಕಡಿಮೆ ಮಕ್ಕಳಿರುವ ಕನ್ನಡ ತರಗತಿಯಲ್ಲಿ ಇನ್ನೊಂದು ತಲೆ ಕಡಿಮೆ.

ಅದಕ್ಕೇ ನಮ್ಮ ಅಭಿಪ್ರಾಯ ಇಷ್ಟು: ಪ್ರತಿ ಕನ್ನಡ ಶಾಲೆಯೂ ತಿಂಗಳಿಗೊಂದು ಪಿರಿಯಡ್ಡನ್ನು ಸೈಕಲ್ ಚೈನಿಗೆ ಕೊಡಬೇಕು. ಅದನ್ನು ಶಿಕ್ಷಕರು ಮುಂದೆ ನಿಂತು ಮಾಡಿಸಬೇಕು.

ಬೇಕಾಗುವುದೇನು? ಹಳೆಯ ಬಟ್ಟೆ, ಸವೆದ ಹಲ್ಲುಜ್ಜುವ ಬ್ರಷ್ಷು, ಸ್ವಲ್ಪ ಸೀಮೆಎಣ್ಣೆ, ಒಂದು ಸಣ್ಣ ಬಾಟಲಿ ಆಯಿಲ್. ಸೈಕಲ್ಲನ್ನು ಸೀಟು, ಹ್ಯಾಂಡಲ್ ಮೇಲೆ ತಲೆಕೆಳಗಾಗಿ ನಿಲ್ಲಿಸಿ. ಚೈನ್ ಕವರ್ ಅಡ್ಡ ಬಂದರೆ ಬಿಚ್ಚಿ. ಮೊದಲು ಒಣ ಬಟ್ಟೆಯಲ್ಲಿ ಮಣ್ಣು ಒರೆಸಿ. ಆಮೇಲೆ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಕೊಂಡಿ ಕೊಂಡಿಯನ್ನೂ ಉಜ್ಜಿ. ಸೀಮೆಎಣ್ಣೆ ಫ್ರೀವೀಲಿನ ಒಳಗೆ ಇಳಿಯಬಾರದು, ಅಲ್ಲಿರುವ ಎಣ್ಣೆಯನ್ನೂ ತೊಳೆದುಬಿಡುತ್ತದೆ. ಹತ್ತಿರ ಒಲೆ, ಬೀಡಿ, ಬೆಂಕಿಕಡ್ಡಿ ಇರಕೂಡದು. ಒರೆಸಿ ಚೆನ್ನಾಗಿ ಒಣಗಲು ಬಿಡಿ. ಬಳಿಕ ಪ್ರತಿ ರೋಲರಿಗೆ ಒಂದೇ ಹನಿ ಆಯಿಲ್ ಬಿಡಿ. ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ, ಹತ್ತು ನಿಮಿಷ ಬಿಟ್ಟು, ಹೊರಗೆ ಉಳಿದ ಎಣ್ಣೆಯನ್ನೆಲ್ಲ ಒರೆಸಿಬಿಡಿ. ಚೈನು ತಿರುಗುವಾಗ ಬಟ್ಟೆಯಾಗಲಿ ಬೆರಳಾಗಲಿ ಹಲ್ಲಿನ ಚಕ್ರದ ಹತ್ತಿರ ಹೋಗಬಾರದು. ಬ್ರೇಕ್ ಹಿಡಿಯುವ ರಿಮ್ಮಿಗೆ ಎಣ್ಣೆ ತಾಗಲೇಬಾರದು.

ಒರೆಸುವುದು ಏಕೆ ಎಂದು ಮಕ್ಕಳು ಕೇಳುತ್ತಾರೆ. ಕೇಳಬೇಕು! ಎಣ್ಣೆಯ ಕೆಲಸ ಇರುವುದು ಚೈನಿನ ಒಳಗೆ, ಪಿನ್ನಿಗೂ ಅದರ ಸುತ್ತಲಿನ ಬುಷ್ಷಿಗೂ ನಡುವೆ. ಹೊರಗಿನ ಎಣ್ಣೆ ನಮ್ಮ ಕೆಂಪು ಮಣ್ಣಿನ ಧೂಳನ್ನು ಹಿಡಿದುಕೊಂಡು ಉಪ್ಪುಕಾಗದದಂತೆ ತೇಯುತ್ತದೆ. ಗ್ರೀಸು ದಪ್ಪ, ಒಳಗೆ ಇಳಿಯುವುದಿಲ್ಲ. ಕೊಬ್ಬರಿ ಎಣ್ಣೆ ನಮ್ಮ ಮಾರ್ಗಶಿರದ ಚಳಿಗೆ ಗಟ್ಟಿಯಾಗುತ್ತದೆ, ಆಮೇಲೆ ಅಂಟಾಗುತ್ತದೆ. ಇನ್ನು ಬೈಕಿನಿಂದ ತೆಗೆದ ಕರಿ ಆಯಿಲ್ ಪುಕ್ಕಟೆ ಸಿಗುತ್ತದೆ ಎಂದು ಸುರಿಯುವವರೇ ಹೆಚ್ಚು. ಅದರಲ್ಲಿ ಲೋಹದ ಪುಡಿ, ಮಸಿ ಎರಡೂ ಇರುತ್ತವೆ. ಹುಡುಗಿಯ ಕೈ ಕಪ್ಪಾಗಿದ್ದು ಅದರಿಂದಲೇ. ಹೊಲಿಗೆ ಯಂತ್ರದ ಎಣ್ಣೆ ತೆಳು, ಬೇಗ ಹೋಗುತ್ತದೆ, ಆದರೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು. ಮಳೆಯಲ್ಲಿ ನೆನೆದ ದಿನ ಬಟ್ಟೆಯಿಂದ ಒರೆಸಿ ಮತ್ತೆ ಎಣ್ಣೆ ಹಾಕಿದರೆ ತುಕ್ಕು ಹತ್ತಿರ ಸುಳಿಯುವುದಿಲ್ಲ.

"ಓದಲು ಕಳಿಸಿದ್ದೋ, ಗ್ಯಾರೇಜಿಗೆ ಕಳಿಸಿದ್ದೋ?" ಎಂದು ಒಬ್ಬ ಪೋಷಕರು ನಮ್ಮನ್ನು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನಮ್ಮ ಉತ್ತರವನ್ನು ಅವರ ಮಗನ ಸ್ಕೇಲಿನಿಂದಲೇ ಕೊಟ್ಟೆವು. ಸೈಕಲ್ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಅಂದರೆ ಒಂದು ಪಿನ್ನಿನ ನಡುವಿನಿಂದ ಅದರ ಮುಂದಿನ 24ನೆಯ ಪಿನ್ನಿನ ನಡುವಿಗೆ 12 ಇಂಚು. ಶಾಲೆಯ ಸ್ಕೇಲೂ 12 ಇಂಚು! ಚೈನನ್ನು ಬಿಗಿಯಾಗಿ ಹಿಡಿದು ಅಳೆದಾಗ ಇಂಚಿನ 1/16 ಹೆಚ್ಚು ಬಂದರೆ ಹೊಸ ಚೈನಿಗೆ ಕಾಲ ಬಂತು. 1/8 ಹೆಚ್ಚು ಬಂದರೆ ಹಲ್ಲುಗಳೂ ಸವೆದಿರುತ್ತವೆ, ಖರ್ಚು ದುಪ್ಪಟ್ಟು. ಚೈನು ಜಗ್ಗಿ ಉದ್ದವಾಗಿಲ್ಲ, ಒಂದೊಂದು ಪಿನ್ನೂ ಒಳಗೆ ಸ್ವಲ್ಪ ಸ್ವಲ್ಪ ಸವೆದಿದೆ. ಘರ್ಷಣೆ, ತುಕ್ಕು, ಭಿನ್ನರಾಶಿ, ಅಳತೆ ಎಲ್ಲವೂ ಒಂದೇ ಪಾಠದಲ್ಲಿ ಆಯಿತಲ್ಲ? 1880ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹಾನ್ಸ್ ರೆನಾಲ್ಡ್ ರೂಪಿಸಿದ ಬುಷ್-ರೋಲರ್ ಚೈನಿನ ವಿನ್ಯಾಸವೇ ಇಂದಿಗೂ ನಮ್ಮ ಮಕ್ಕಳ ಸೈಕಲ್ಲಿನಲ್ಲಿ ಓಡುತ್ತಿದೆ ಎಂದರೆ ಇತಿಹಾಸವೂ ಸೇರಿತು. ಆ ಪೋಷಕರು ಮುಂದಿನ ತಿಂಗಳು ತಾವೇ ಎಣ್ಣೆ ಬಾಟಲಿ ತಂದುಕೊಟ್ಟರು.

ಈ ಕೆಲಸವನ್ನು ಹುಡುಗರಿಗೆ ಮಾತ್ರ ಬಿಡಬೇಡಿ ಎಂಬುದು ನಮ್ಮ ಇನ್ನೊಂದು ಕೋರಿಕೆ. ಹುಡುಗಿಯ ಸೈಕಲ್ಲಿಗೆ ಹುಡುಗ ಎಣ್ಣೆ ಹಾಕಿಕೊಟ್ಟರೆ ಅವಳಿಗೆ ದಕ್ಕುವುದು ಒಂದು ದಿನದ ಸವಾರಿ ಮಾತ್ರ. ಕಳಚಿದ ಚೈನನ್ನು ತಾನೇ ಏರಿಸಲು ಕಲಿತವಳು ನಡುದಾರಿಯಲ್ಲಿ ಯಾರ ದಾರಿಯನ್ನೂ ಕಾಯಬೇಕಿಲ್ಲ.

ಆ ಹುಡುಗಿಯ ಸೈಕಲ್ಲಿನ ಚೈನನ್ನು ನಾವೆಲ್ಲ ಸೇರಿ ತೊಳೆದೆವು. ಹಿಂದಿನ ಚಕ್ರದ ನಟ್ಟು ಸಡಿಲಿಸಿ, ಎರಡೂ ಬದಿ ಸಮನಾಗಿ ಹಿಂದಕ್ಕೆ ಎಳೆದು, ನಡುವೆ ಅರ್ಧ ಇಂಚು ಆಡುವಷ್ಟು ಬಿಗಿ ಮಾಡಿದೆವು. ಇಪ್ಪತ್ತು ನಿಮಿಷದ ಕೆಲಸ. ಈಗ ಅವಳು ಒಂಬತ್ತನೆಯ ತರಗತಿ. ಶುಕ್ರವಾರದ ಪಿರಿಯಡ್ಡಿನಲ್ಲಿ ಆರನೆಯ ತರಗತಿಯವರಿಗೆ "ಒಂದೇ ಹನಿ, ಒಂದೇ ಹನಿ" ಎಂದು ಗದರುತ್ತಾಳೆ.

ಹುದ್ದೆ ತುಂಬುವುದು, ಪುಸ್ತಕ ತರಿಸುವುದು ನಮ್ಮ ಕೈಯಲ್ಲಿಲ್ಲ. ಇದು ಇದೆ. ಕಾಸರಗೋಡು, ಹೊಸೂರು, ಜತ್ತ, ಅಕ್ಕಲಕೋಟೆಯ ಶಿಕ್ಷಕ ಮಿತ್ರರೇ, ನಾಳೆ ನಿಮ್ಮ ಶಾಲೆಯ ಸೈಕಲ್ ಸ್ಟ್ಯಾಂಡಿಗೆ ಒಂದು ಸುತ್ತು ಹಾಕಿ ಬನ್ನಿ. ಹಾಜರಿ ಕರೆಯುವ ಮೊದಲು ಚೈನು ನೋಡಿ. ಏನಂತೀರಿ?