ದೊಡ್ಡ ನಾಯಿಗೂ ಮನೆ ಸಿಗಲಿ: ಪಶುಸಂಗೋಪನಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಬೆಂಗಳೂರಿನ ಸುತ್ತಮುತ್ತಲಿನ ಯಾವುದಾದರೂ ಪ್ರಾಣಿ ಆಶ್ರಯ ಕೇಂದ್ರಕ್ಕೆ ತಾವೊಮ್ಮೆ ಹೇಳದೆ ಕೇಳದೆ ಹೋಗಿಬರಬೇಕು. ಅಲ್ಲಿ ಬೀದಿನಾಯಿಗಳ ನಡುವೆ ಜರ್ಮನ್ ಶೆಫರ್ಡ್‌ಗಳೂ ಕಣ್ಣಿಗೆ ಬೀಳುತ್ತವೆ. ಕೊರಳಲ್ಲಿ ಹಳೇ ಬೆಲ್ಟಿನ ಗುರುತು. ಸಿಮೆಂಟು ನೆಲದಲ್ಲಿ ಮಲಗಿ ಮಲಗಿ ಮೊಣಕೈಯ ಕೂದಲುದುರಿ ದಡ್ಡುಗಟ್ಟಿದ ಚರ್ಮ. ಯಾರಾದರೂ ಹತ್ತಿರ ಬಂದರೆ ಮೈಯನ್ನೆಲ್ಲ ಜಾಲರಿಗೆ ಒತ್ತಿ ನಿಲ್ಲುತ್ತವೆ. ‘ಸಿಟ್’ ಎಂದರೆ ತಕ್ಷಣ ಕೂರುತ್ತವೆ. ಇವು ಯಾರದೋ ಮನೆಯಲ್ಲಿ ಕಲಿತು ಬೆಳೆದ ನಾಯಿಗಳು.

ಮುದ್ದಾದ ಮರಿ ನೋಡನೋಡುತ್ತ 30ರಿಂದ 40 ಕಿಲೋ ತೂಗುವ ಗಂಡುನಾಯಿಯಾಗುತ್ತದೆ. ಆಮೇಲೆ ಮನೆ ಬದಲಾವಣೆ, ವರ್ಗಾವಣೆ, ವರ್ಷವಿಡೀ ಉದುರುವ ಕೂದಲು, ಸೊಂಟದ ಕೀಲಿನ ಚಿಕಿತ್ಸೆಯ ಖರ್ಚು. ಕಾರಣ ಯಾವುದಾದರೂ ಆಗಲಿ, ಬೀದಿಗೆ ಬೀಳುವುದು ನಾಯಿಯೇ.

ದತ್ತು ಪಡೆಯಲು ಬರುವವರು ಮಾತ್ರ ಮೊದಲು ಕೇಳುವುದು ಮರಿಯನ್ನೇ. ದೊಡ್ಡ ನಾಯಿ ಹೊಸಬರಿಗೆ ಒಗ್ಗುವುದಿಲ್ಲ ಎಂಬ ಭಯ. ಈ ತಳಿಯ ಚರಿತ್ರೆಯೇ ಅದಕ್ಕೆ ಉತ್ತರ ಕೊಡುತ್ತದೆ. 1899ರಲ್ಲಿ ತಳಿಯ ರೂವಾರಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಕೊಂಡುತಂದ ಹೆಕ್ಟರ್ ಎಂಬ ನಾಯಿಗೆ ಆಗಲೇ ನಾಲ್ಕು ವರ್ಷ. ಒಡೆಯನ ಜೊತೆಗೆ ಹೆಸರೂ ಬದಲಾಗಿ ಅದು ‘ಹೋರಾಂಡ್’ ಆಯಿತು. ಜರ್ಮನ್ ಶೆಫರ್ಡ್ ತಳಿಯ ನೋಂದಣಿ ಪುಸ್ತಕದ ಮೊದಲ ನಾಯಿಯೂ ಅದೇ.

ಬೆಳೆದ ನಾಯಿಯಲ್ಲಿ ಗುಟ್ಟುಗಳು ಕಡಿಮೆ. ಅದರ ಗಾತ್ರ, ಸ್ವಭಾವ, ಮಕ್ಕಳನ್ನೂ ಬೆಕ್ಕನ್ನೂ ಸಹಿಸುತ್ತದೆಯೇ ಎಂಬುದನ್ನು ಕೇಂದ್ರದವರೇ ಬಹುಮಟ್ಟಿಗೆ ಹೇಳಬಲ್ಲರು. ಸೊಂಟದ ಕೀಲಿನ ದೋಷ ಎಕ್ಸ್‌ರೇಯಲ್ಲಿ ಖಚಿತವಾಗುವುದೂ ಮೂಳೆ ಬಲಿತ ಮೇಲೆಯೇ.

ಹಾಗೆಂದು ಇದು ಸಲೀಸಿನ ಕೆಲಸವಲ್ಲ. ಹೊಸ ಮನೆಯಲ್ಲಿ ಮೊದಮೊದಲು ಎಷ್ಟೋ ನಾಯಿಗಳು ತಟ್ಟೆ ಮೂಸಿ ಹಿಂದೆ ಸರಿಯುತ್ತವೆ, ಮನೆಯವರು ಎದ್ದರೆ ಎದ್ದು, ಕೂತರೆ ಕೂತು ಕೋಣೆಯಿಂದ ಕೋಣೆಗೆ ಹಿಂಬಾಲಿಸುತ್ತವೆ. ದಿಗಿಲು ಇಳಿಯಲು ಮೂರು ದಿನ, ದಿನಚರಿಗೆ ಹೊಂದಲು ಮೂರು ವಾರ, ಮನೆ ತನ್ನದೆನಿಸಲು ಮೂರು ತಿಂಗಳು ಎಂಬುದು ನಾಯಿ ಸಾಕಿ ಬಲ್ಲವರ ಲೆಕ್ಕ. ಹಗಲೆಲ್ಲ ಬೀಗ ಹಾಕಿರುವ ಫ್ಲ್ಯಾಟು ಈ ನಾಯಿಗೆ ಹೇಳಿಸಿದ್ದಲ್ಲ.

ಇನ್ನು ಸರ್ಕಾರದ ಪಾಲಿನ ಕೆಲಸ. ಸಾಕಿದ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಅದು ಗೊತ್ತುಮಾಡಿದ ದಂಡ 10ರಿಂದ 50 ರೂಪಾಯಿ! ನಾಯಿ ಸಾಕಣೆ ಮತ್ತು ಮಾರಾಟದ 2017ರ ನಿಯಮಗಳಂತೆ ತಳಿಗಾರರು ನೋಂದಾಯಿಸಿಕೊಳ್ಳಬೇಕು, ನಾಯಿಗಳಿಗೆ ಮೈಕ್ರೋಚಿಪ್ ಹಾಕಿಸಬೇಕು, ಎಂಟು ವಾರ ತುಂಬದ ಮರಿಗಳನ್ನು ಮಾರುವಂತಿಲ್ಲ. ಚಿಪ್ ಇದ್ದು ದಾಖಲೆ ಸರಿಯಿದ್ದರೆ ಬಿಟ್ಟುಹೋದವರ ವಿಳಾಸ ಹುಡುಕುವುದು ಕಷ್ಟವಲ್ಲ. ಚಿಪ್ಪೇ ಇಲ್ಲದಿದ್ದರೆ ಯಾರನ್ನು ಕೇಳುವುದು?

ಆದ್ದರಿಂದ ಈ ಪತ್ರದ ಬೇಡಿಕೆ ಮೂರು. ನೋಂದಣಿಯಿಲ್ಲದ ತಳಿಗಾರರಿಗೆ ಬೀಗ ಬೀಳಲಿ. ದಂಡದ ಮೊತ್ತ ಹೆಚ್ಚಿಸುವ ತಿದ್ದುಪಡಿಗೆ ರಾಜ್ಯವೇ ಮುಂದಾಗಲಿ. ಕಂಬಳಕ್ಕಾಗಿ ಇದೇ ಕಾಯ್ದೆಯನ್ನು ತಿದ್ದಿದ ವಿಧಾನಮಂಡಲಕ್ಕೆ ದಾರಿ ಗೊತ್ತಿಲ್ಲದ್ದೇನಲ್ಲ. ಆಶ್ರಯ ಕೇಂದ್ರದಿಂದ ಬೆಳೆದ ನಾಯಿಯನ್ನು ಮನೆಗೆ ಕರೆದೊಯ್ದವರಿಗೆ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಮೊದಲ ವರ್ಷದ ತಪಾಸಣೆ, ಲಸಿಕೆ, ಚಿಪ್ ಉಚಿತವಾಗಲಿ.

ಜರ್ಮನ್ ಶೆಫರ್ಡ್‌ನ ಆಯಸ್ಸು ಸಾಮಾನ್ಯವಾಗಿ 9ರಿಂದ 13 ವರ್ಷ. ಐದು ವರ್ಷದ ನಾಯಿಗೆ ಆದೇಶವೊಂದು ಮೇಜಿನಿಂದ ಮೇಜಿಗೆ ಹೋಗುವವರೆಗೆ ಕಾಯುವಷ್ಟು ಪುರುಸೊತ್ತಿಲ್ಲ. ಮೂರನೆಯ ಬೇಡಿಕೆಗೆ ಕಾಯ್ದೆ ತಿದ್ದುವ ಅಗತ್ಯವಿಲ್ಲ, ಇಲಾಖೆಯ ಸುತ್ತೋಲೆ ಸಾಕು. ದಯವಿಟ್ಟು ಅದನ್ನು ಮೊದಲು ಹೊರಡಿಸಿ.