ಗುಂಡು ಹಾರಿಸೋದಿದ್ರೆ ರಾಮಗಢದಲ್ಲಿ ಹಾರಿಸಿ ಸ್ವಾಮಿ!

"ಇಷ್ಟು ಚಿಕ್ಕ ಸೈಟಿಗೆ ವರ್ಚುವಲ್ ಮಷಿನ್ ಯಾಕ್ರೀ? ಲೈವ್‌ನಲ್ಲೇ ಒಂದು ಸಾಲು ಬದಲಾಯಿಸಿದ್ರೆ ಆಯ್ತಪ್ಪ!"

ಚನ್ನಪಟ್ಟಣ, ಕನಕಪುರ, ಮಾಗಡಿ... ನಮ್ಮ ಕಡೆ ಸೈಟ್ ಮಾಡಿಕೊಡೋ ಗೆಳೆಯರ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೀನೋ ಲೆಕ್ಕವಿಲ್ಲ. ನಾನೂ ಇದನ್ನೇ ಹೇಳ್ತಿದ್ದವನು. ಹಾಗಾಗಿ ಬೇರೆಯವರನ್ನು ಬೈಯೋ ಮೊದಲು ನನ್ನ ಕಥೆಯನ್ನೇ ಹೇಳಿಬಿಡ್ತೀನಿ.

2025ರ ಮೇ ತಿಂಗಳಲ್ಲಿ ನಮ್ಮ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೊಸ ಹೆಸರು ಬಂತಲ್ಲ. ಅದು ಸರಿಯೋ ತಪ್ಪೋ ಅನ್ನೋ ಜಗಳ ಇಲ್ಲಿ ಬೇಡ, ಅದಕ್ಕೆ ಟೀ ಅಂಗಡಿಗಳಿವೆ. ಚನ್ನಪಟ್ಟಣದ ಒಂದು ಬೊಂಬೆ ಅಂಗಡಿಯ ಸೈಟ್ ನಾನು ನೋಡ್ಕೋತೀನಿ. ದಸರಾ ಹತ್ತಿರ ಬಂದಾಗ ಅಂಗಡಿಯ ಅಕ್ಕ ಫೋನ್ ಮಾಡಿ, "ಜಿಲ್ಲೆ ಹೆಸರು ಬದಲಾಯಿಸ್ಬಿಡಪ್ಪ" ಅಂದ್ರು. ನಾನು ಶೂರ! ಲೈವ್ ಡೇಟಾಬೇಸಿಗೇ ಕೈ ಹಾಕಿ, "ರಾಮನಗರ" ಇರೋ ಕಡೆಯಲ್ಲೆಲ್ಲ "ಬೆಂಗಳೂರು ದಕ್ಷಿಣ" ಅಂತ ಒಂದೇ ಆಜ್ಞೆಯಲ್ಲಿ ಬದಲಾಯಿಸಿ, ಊಟಕ್ಕೆ ಎದ್ದೆ.

ಏನಾಯ್ತು ಗೊತ್ತಾ? ರಾಮನಗರ ಊರಿನ ಹೆಸರೂ ಹೋಯ್ತು. ಊರು ಅದೇ ಊರು, ಬದಲಾಗಿದ್ದು ಜಿಲ್ಲೆ ಹೆಸರು ಮಾತ್ರ ಅನ್ನೋದು ಡೇಟಾಬೇಸಿಗೆ ಹೇಗೆ ಗೊತ್ತಾಗಬೇಕು? "ರಾಮನಗರ ರೈಲು ನಿಲ್ದಾಣ" ಇದ್ದದ್ದು "ಬೆಂಗಳೂರು ದಕ್ಷಿಣ ರೈಲು ನಿಲ್ದಾಣ" ಆಯ್ತು! "2007ರಲ್ಲಿ ರಾಮನಗರ ಜಿಲ್ಲೆ ಆದಾಗ" ಅನ್ನೋ ವಾಕ್ಯ ಇತಿಹಾಸವನ್ನೇ ತಿರುಚಿತು. ಇದು ನಗುವ ಭಾಗ.

ಅಳುವ ಭಾಗ ಮುಂದಿದೆ. ವರ್ಡ್‌ಪ್ರೆಸ್ ತನ್ನ ಕೆಲವು ಮಾಹಿತಿಯನ್ನು ಅದರ ಉದ್ದದ ಸಮೇತ ಬರೆದಿಟ್ಟುಕೊಳ್ಳುತ್ತೆ. ಉದ್ದ ಅಂದ್ರೆ ಅಕ್ಷರ ಅಲ್ಲ, ಬೈಟ್. ಯೂನಿಕೋಡಿನ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. "ರಾಮನಗರ" 18 ಬೈಟ್. "ಬೆಂಗಳೂರು ದಕ್ಷಿಣ" ನಡುವಿನ ಜಾಗ ಸೇರಿ 43. ಪಕ್ಕದಲ್ಲಿ ಬರೆದಿರೋ ಉದ್ದ ಹಳೇದು, ಒಳಗಿರೋ ಪದ ಹೊಸದು. ಲೆಕ್ಕ ತಾಳೆಯಾಗದೆ ಪಿಎಚ್‌ಪಿ ಅದನ್ನು ಓದೋಕೇ ಒಪ್ಪಲಿಲ್ಲ. ಆರ್ಡರ್ ಫಾರ್ಮ್, ಫೋನ್ ನಂಬರ್ ಇದ್ದ ಇಡೀ ಪಟ್ಟಿಯೇ ಮಾಯ! ಎರಡು ದಿನ ಅಂಗಡಿಗೆ ಫೋನ್ ಬರಲಿಲ್ಲ. ಮೂರನೇ ದಿನ ಅಕ್ಕನ ಫೋನ್ ನನಗೆ ಬಂತು. ಗಾಬರಿಯಲ್ಲಿ ಹಳೇ ಬ್ಯಾಕಪ್ ತಂದು ಮೇಲೆ ಸುರಿದೆ. ನಡುವಿನ ಹನ್ನೊಂದು ದಿನದ ಆರ್ಡರುಗಳೂ ಹೋದವು. ಆಲೆ ಮರ ಕಡೆದು, ಅರಗಿನ ಬಣ್ಣ ಹಚ್ಚಿ ಬೊಂಬೆ ಮಾಡಿಟ್ಟವರಿಗೆ ನಾನು ಏನಂತ ಉತ್ತರ ಹೇಳಲಿ?

ಈಗ ಹೇಳಿ, ಚಿಕ್ಕ ಸೈಟ್ ಅಂದ್ರೆ ಯಾರಿಗೆ ಚಿಕ್ಕದು? ನನಗೆ ಚಿಕ್ಕದು. ಅವರಿಗೆ ಅದೇ ವರ್ಷದ ವ್ಯಾಪಾರ.

ರಾಮದೇವರ ಬೆಟ್ಟದಲ್ಲಿ 'ಶೋಲೆ' ತೆಗೆದ್ರಲ್ಲ, 1975ರಲ್ಲಿ ಬಿಡುಗಡೆಯಾಯ್ತು. ಅದರಲ್ಲಿನ ರಾಮಗಢ ಅನ್ನೋ ಹಳ್ಳಿ ಸಿನಿಮಾಕ್ಕಂತಲೇ ಹಾಕಿದ ಸೆಟ್. ಗಬ್ಬರ್ ಎಷ್ಟೇ ಹಾವಳಿ ಮಾಡಿದ್ರೂ ರಾಮನಗರದವರ ಹೆಂಚು ಒಡೆಯಲಿಲ್ಲ. ವರ್ಚುವಲ್ ಮಷಿನ್ ಅಂದ್ರೆ ಇಷ್ಟೇ ಸ್ವಾಮಿ, ನಿಮ್ಮ ಕಂಪ್ಯೂಟರಿನೊಳಗೆ ಹಾಕಿದ ರಾಮಗಢ.

ಹಾಕೋದೇನು ಬ್ರಹ್ಮವಿದ್ಯೆಯಲ್ಲ. ವರ್ಚುವಲ್‌ಬಾಕ್ಸ್ ಪುಕ್ಕಟೆ, ಉಬುಂಟು ಸರ್ವರೂ ಪುಕ್ಕಟೆ. ಶುರುವಾಗದಿದ್ರೆ ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆನ್ ಇದೆಯಾ ನೋಡಿ. 2 ಜಿಬಿ ಮೆಮೊರಿ ಕೊಡಿ. ನಿಮ್ಮ ಹೋಸ್ಟಿಂಗ್‌ನಲ್ಲಿರೋ ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಆವೃತ್ತಿಗಳನ್ನೇ ಒಳಗೂ ಹಾಕಿ. ಹೊರಗಿನ 8080 ಪೋರ್ಟನ್ನು ಒಳಗಿನ 80ಕ್ಕೆ ಜೋಡಿಸಿ. ಸೈಟಿನ ಪ್ರತಿ ತಂದು ಇಡಿ, ಅದರಲ್ಲಿರೋ ಗಿರಾಕಿಗಳ ಫೋನ್ ನಂಬರ್ ಅಳಿಸಿ, ಹೊರಗೆ ಮೇಲ್ ಹೋಗದ ಹಾಗೆ ಮಾಡಿ. ಆಮೇಲೆ ಒಂದು ಸ್ನ್ಯಾಪ್‌ಶಾಟ್ ತಗೊಂಡು ಏನು ಬೇಕಾದ್ರೂ ಹಾಳು ಮಾಡಿ, ನಿಮಿಷದಲ್ಲಿ ಮೊದಲಿನಂತೆ ವಾಪಸ್! (ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ. ಡಿಸ್ಕ್ ಹೋದ್ರೆ ಎರಡೂ ಹೋಗುತ್ತೆ.)

"ಎಕ್ಸಾಂಪ್ ಸಾಕಲ್ವಾ?" ಅಂತೀರಿ. ಕಲಿಯೋಕೆ ಸಾಕು, ಒಪ್ಪಿದೆ. ನನ್ನ ಈ ತಪ್ಪೂ ಅದರಲ್ಲಿ ಸಿಗ್ತಿತ್ತು, ಅದನ್ನೂ ಒಪ್ಪಿದೆ. ಆದ್ರೆ ವಿಂಡೋಸ್ ಫೈಲ್ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಎರಡನ್ನೂ ಒಂದೇ ಅಂತ ನೋಡುತ್ತೆ, ಲಿನಕ್ಸ್ ಬೇರೆ ಬೇರೆ ಅನ್ನುತ್ತೆ. ನಿಮ್ಮಲ್ಲಿ ಕಂಡ ಚಿತ್ರ ಸರ್ವರ್‌ನಲ್ಲಿ ಕಾಣಲ್ಲ. ಕನ್ನಡದ ಕಥೆ ಇನ್ನೂ ಕಷ್ಟ. 2018ರಲ್ಲಿ ಮೈಎಸ್‌ಕ್ಯೂಎಲ್ 8.0 ಬರೋವರೆಗೂ ಅದು ತಾನಾಗಿಯೇ ಆರಿಸ್ಕೊಳ್ತಿದ್ದದ್ದು ಲ್ಯಾಟಿನ್-1. ಹಳೇ ಕೋಷ್ಟಕ ಹಾಗೇ ಉಳಿದಿದ್ರೆ ನೀವು ಬರೆದ ಕನ್ನಡ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು! ಒಮ್ಮೆ ಪ್ರಶ್ನಾರ್ಥಕವಾಗಿ ಕೂತ ಅಕ್ಷರ ವಾಪಸ್ ಬರಲ್ಲ. ಇದನ್ನು ಗಿರಾಕಿಯ ಸೈಟಲ್ಲಿ ಕಂಡುಹಿಡೀಬೇಕಾ, ಅಥವಾ ಸರ್ವರಿನಂತೆಯೇ ಇರೋ ನಿಮ್ಮ ರಾಮಗಢದಲ್ಲಾ?

"ಡಾಕರ್ ಇದೆಯಲ್ಲ" ಅನ್ನೋ ಬುದ್ಧಿವಂತರಿಗೆ: ಬಳಸಿ, ಖಂಡಿತ ಬಳಸಿ. ವಿಂಡೋಸ್, ಮ್ಯಾಕ್‌ಗಳಲ್ಲಿ ಅದೂ ಒಳಗೊಳಗೇ ಒಂದು ವರ್ಚುವಲ್ ಮಷಿನ್ ಇಟ್ಟುಕೊಂಡೇ ಓಡೋದು. 4 ಜಿಬಿ ಲ್ಯಾಪ್‌ಟಾಪಿನವರ ಕಷ್ಟ ಮಾತ್ರ ನಿಜ, ಉಸಿರು ಕಟ್ಟುತ್ತೆ. ಮೆಮೊರಿ ಹಾಕಿಸೋಕೆ ಆದ್ರೆ ಹಾಕಿಸಿ. ಆಗದಿದ್ರೆ ಗೆಳೆಯನ ಯಂತ್ರ ಕೇಳಿ. ಲೈವ್ ಸೈಟ್ ಮಾತ್ರ ಮುಟ್ಟಬೇಡಿ.

ನಾನೀಗ ಆ ಹೆಸರು ಬದಲಾವಣೆಯನ್ನು ಮೊದಲು ವರ್ಚುವಲ್ ಮಷಿನ್‌ನಲ್ಲಿ ಮಾಡಿದೆ. "ರಾಮನಗರ ಜಿಲ್ಲೆ" ಅಂತಲೇ ಹುಡುಕಿ, ಡಬ್ಲ್ಯೂಪಿ-ಸಿಎಲ್ಐನಲ್ಲಿ ಡ್ರೈ ರನ್ ಕೊಟ್ಟು ಎಲ್ಲೆಲ್ಲಿ ಎಷ್ಟೆಷ್ಟು ಬದಲಾಗುತ್ತೆ ಅಂತ ನೋಡಿದೆ. ಆ ಬೈಟ್ ಲೆಕ್ಕವನ್ನೂ ಅದೇ ಸರಿಮಾಡುತ್ತೆ. 2007ರ ವಾಕ್ಯವನ್ನು ಕೈಯಾರೆ ಉಳಿಸಿಕೊಂಡೆ.

ನಮ್ಮೂರ ಗೂಡಿನ ಮಾರುಕಟ್ಟೇಲಿ ರೀಲರ್ ಗೂಡನ್ನು ಕೈಗೆ ತಗೊಂಡು ನೋಡದೆ ಬೆಲೆ ಕಟ್ಟಲ್ಲ. ನಾವು ಮಾತ್ರ ಇನ್ನೊಬ್ಬರ ಅನ್ನದ ಮೇಲೆ ನೋಡದೆ ಕೈ ಇಡ್ತೀವಿ, ಕೇಳಿದ್ರೆ "ಅನುಭವ" ಅಂತೀವಿ. ಅಕ್ಕ ನನ್ನನ್ನ ಕ್ಷಮಿಸಿದ್ರು. ಆ ಹನ್ನೊಂದು ದಿನದ ಆರ್ಡರ್ ಕೊಟ್ಟವರು ಯಾರು ಅಂತ ಮಾತ್ರ ಇವತ್ತಿಗೂ ಗೊತ್ತಾಗಿಲ್ಲ.

ನೀವೇನಂತೀರಿ?